ಎಲ್ಲಿಂದ ಎಲ್ಲಿಗೆ, ಎಂದಿನಿಂದ ಎಂದಿನವರೆಗೆ: ಒಂದು ವೇಗಮಿತಿ ಟೇಬಲಿನ ಪ್ರಕರಣ

ಒಂದು ರೈಲು ಮಾರ್ಗದ ವೇಗಮಿತಿಗಳನ್ನು ಇಟ್ಟುಕೊಂಡಿದ್ದ ಡೇಟಾಬೇಸಿನ ಕಥೆ ಇದು. ಸಂಸ್ಥೆಯ ಹೆಸರು ಬೇಡ. ಅಂಕಿಗಳನ್ನು ವಿವರಣೆಗೆ ಒಗ್ಗುವಂತೆ ಸರಳ ಮಾಡಿದ್ದೇನೆ. ತೊಡಕುಗಳನ್ನು ಮಾತ್ರ ಇದ್ದ ಹಾಗೇ ಬಿಟ್ಟಿದ್ದೇನೆ.

ಮುಖ್ಯವಾಗಿ ಎರಡು ಟೇಬಲ್‌ಗಳಿದ್ದವು. ಒಂದರಲ್ಲಿ ಮೂಲ ವೇಗ, ಅಂದರೆ ಮಾರ್ಗದ ಯಾವ ತುಂಡಿನಲ್ಲಿ ಗರಿಷ್ಠ ಎಷ್ಟು ವೇಗದಲ್ಲಿ ಓಡಬಹುದು ಎಂಬ ಕಾಯಂ ಮಿತಿ. ಇನ್ನೊಂದರಲ್ಲಿ ತಾತ್ಕಾಲಿಕ ಮಿತಿ: ಹಳಿ ದುರಸ್ತಿ, ಸೇತುವೆ ಕೆಲಸ, ಮಣ್ಣು ಸಡಿಲವಾಗಿದೆ ಎಂಬಂಥ ಕಾರಣಕ್ಕೆ ಕೆಲವು ಗಂಟೆ ಅಥವಾ ಕೆಲವು ವಾರ ಇರುವ ಮಿತಿ. ಎರಡೂ ಟೇಬಲ್‌ಗಳಲ್ಲಿ ಒಂದೇ ಮಾದರಿಯ ಕಾಲಂಗಳು: ಯಾವ ಲೈನು, ಎಷ್ಟನೇ ಕಿಲೋಮೀಟರಿನಿಂದ, ಎಷ್ಟನೆಯದರವರೆಗೆ, ಯಾವಾಗಿನಿಂದ, ಯಾವಾಗಿನವರೆಗೆ, ವೇಗ ಎಷ್ಟು. ಪ್ರತಿ ಓಟಕ್ಕೂ ಮುಂಚೆ ಈ ಎರಡನ್ನೂ ಕೂಡಿಸಿ ಚಾಲಕನ ಕೈಗೆ ಕೊಡುವ ಹಾಳೆ ಅಚ್ಚಾಗುತ್ತಿತ್ತು.

ದೂರುಗಳು ಎರಡು. ಹಾಳೆಯಲ್ಲಿ ಕೆಲವೊಮ್ಮೆ ಒಂದೇ ಜಾಗಕ್ಕೆ ಎರಡು ಮೂಲ ವೇಗ ಬರುತ್ತಿತ್ತು, ಇನ್ನೊಂದು ಜಾಗಕ್ಕೆ ಏನೂ ಬರುತ್ತಿರಲಿಲ್ಲ. ಇದು ಮೊದಲನೆಯದು. ಎರಡನೆಯದು ತಿಂಗಳ ವರದಿಯದು. ‘ಮಿತಿ ಹೇರಿದ ಒಟ್ಟು ಉದ್ದ’ ಎಂಬ ಸಾಲಿನಲ್ಲಿ ಬರುವ ಸಂಖ್ಯೆ ಕೆಲವು ತಿಂಗಳು ಮಾರ್ಗದ ಉದ್ದವನ್ನೇ ಮೀರುತ್ತಿತ್ತು. ದೂರು ಬಂದಾಗಲೆಲ್ಲ ಯಾರಾದರೂ ಕೂತು ಆ ಸಾಲನ್ನು ಕೈಯಲ್ಲೇ ತಿದ್ದುತ್ತಿದ್ದರು. ಕೆಲ ದಿನಕ್ಕೆ ಅದೇ ಕಾಯಿಲೆ ಬೇರೆ ಕಿಲೋಮೀಟರಿನಲ್ಲಿ ಏಳುತ್ತಿತ್ತು.

ಇಂಥ ದೋಷಕ್ಕೆ ಸಾಮಾನ್ಯವಾಗಿ ‘ಡೇಟಾ ಎಂಟ್ರಿ ತಪ್ಪು’ ಎಂದು ಹಣೆಪಟ್ಟಿ ಅಂಟಿಸಿ ಫೈಲು ಮುಚ್ಚುತ್ತಾರೆ. ನನಗೆ ಅದು ಒಪ್ಪಿಗೆಯಾಗಲಿಲ್ಲ. 47.200 ಮತ್ತು 48.600 ಎಂಬ ಎರಡು ಸಂಖ್ಯೆಗಳನ್ನು ಆ ಟೇಬಲ್ ಎರಡು ಪ್ರತ್ಯೇಕ ಸಂಖ್ಯೆಗಳೆಂದೇ ತಿಳಿದಿತ್ತು. ಆ ಸಾಲು ನಡುವಿನ 1,400 ಮೀಟರಿನ ಪ್ರತಿ ಮೀಟರಿನ ಬಗ್ಗೆಯೂ ಏನೋ ಹೇಳುತ್ತಿದೆ ಎಂದು ಡೇಟಾಬೇಸಿಗೆ ಯಾರೂ ಹೇಳಿಯೇ ಇರಲಿಲ್ಲ. ಲೈನು ಮತ್ತು ಆರಂಭದ ಕಿಲೋಮೀಟರು ಸೇರಿ ಪ್ರೈಮರಿ ಕೀ, ಅಂದರೆ ಎರಡು ಸಾಲುಗಳಲ್ಲಿ ಮರುಕಳಿಸಲಾಗದ ಗುರುತು, ಆಗಿತ್ತು. ಆ ಕೀ ತಡೆಯುತ್ತಿದ್ದದ್ದು ಎರಡು ಸಾಲುಗಳು ಒಂದೇ ಬಿಂದುವಿನಲ್ಲಿ ಶುರುವಾಗುವುದನ್ನು ಮಾತ್ರ. 47.200ಕ್ಕೆ ಒಂದು ಸಾಲು, 47.201ಕ್ಕೆ ಇನ್ನೊಂದು ಎಂದರೆ ಅದಕ್ಕೇನೂ ಅಭ್ಯಂತರವಿರಲಿಲ್ಲ.

ಮೊದಲು ಗಡಿಯ ಪ್ರಶ್ನೆ. ತಾತ್ಕಾಲಿಕ ಮಿತಿ 5ನೇ ತಾರೀಖಿನಿಂದ 9ರವರೆಗೆ ಎಂದರೆ ಐದು ದಿನ, ಯಾರನ್ನು ಕೇಳಿದರೂ. 47.2ರಿಂದ 47.6ರವರೆಗೆ ಎಂದರೆ 400 ಮೀಟರ್, ಅದನ್ನೂ ಯಾರನ್ನಾದರೂ ಕೇಳಬಹುದು. ಮೊದಲ ಲೆಕ್ಕದಲ್ಲಿ ಕೊನೆಯದು ಒಳಗೆ ಸೇರಿದೆ, ಎರಡನೆಯದರಲ್ಲಿ ಸೇರಿಲ್ಲ. ತಾರೀಖು ಒಂದು ಕೋಶ, ಕಿಲೋಮೀಟರ್ ಗುರುತು ಒಂದು ಗೆರೆ. ಹಳೆಯ ಪ್ರೋಗ್ರಾಮು ಎರಡಕ್ಕೂ ಒಂದೇ ರೀತಿಯ ‘ಬಿಟ್ವೀನ್’ ಹಾಕಿತ್ತು, ಅಂದರೆ ಎರಡೂ ತುದಿ ಒಳಗೆ. ಹೀಗಾಗಿ ಒಂದು ತುಂಡು 47.600ಕ್ಕೆ ಮುಗಿದು ಮುಂದಿನದು ಅಲ್ಲಿಯೇ ಶುರುವಾದಾಗ ಆ ಬಿಂದುವಿಗೆ ಎರಡು ವೇಗ ಬರುತ್ತಿತ್ತು. ಇದನ್ನು ಕಂಡ ಯಾರೋ ಒಬ್ಬರು ಮುಂದಿನ ತುಂಡನ್ನು 47.601ರಿಂದ ಶುರು ಮಾಡುವ ರೂಢಿ ತಂದರು. ಇನ್ನೊಬ್ಬರು ತಮ್ಮ ಸರದಿಯಲ್ಲಿ 47.700ರಿಂದ ಬರೆದರು, ಏಕೆಂದರೆ ಅವರ ಲೆಕ್ಕದಲ್ಲಿ ನೂರು ಮೀಟರೇ ಚಿಕ್ಕ ಅಳತೆ. ‘ಏನೂ ಬರುತ್ತಿಲ್ಲ’ ಎಂಬ ದೂರಿನ ಬಹುಪಾಲು ಇಲ್ಲಿಂದಲೇ ಬಂದಿತ್ತು.

ಇದಕ್ಕೆ ಮದ್ದು ಹಳೆಯದು: ಆರಂಭ ಒಳಗೆ, ಅಂತ್ಯ ಹೊರಗೆ. ಡೇಟಾಬೇಸುಗಳ ಪ್ರಶ್ನೆಭಾಷೆಯಾದ ಎಸ್‌ಕ್ಯೂಎಲ್‌ನ 2011ರ ಮಾನದಂಡ ತನ್ನ ಅವಧಿಗಳಿಗೆ ಹೇಳುವುದೂ ಇದನ್ನೇ. ಹಿಂದಿನದರ ಅಂತ್ಯವೇ ಮುಂದಿನದರ ಆರಂಭವಾದರೆ ಎರಡೂ ಸರಿಯಾಗಿ ಕೂಡುತ್ತವೆ, ಉದ್ದ ಬೇಕೆಂದರೆ ಕಳೆದರೆ ಸಾಕು, ಎಲ್ಲಿಯೂ ‘ಪ್ಲಸ್ ಒಂದು’ ಬರುವುದಿಲ್ಲ. ಇದರ ಜೊತೆಗೆ ಕಿಲೋಮೀಟರನ್ನು ದಶಮಾಂಶದಲ್ಲಿ ಇಡುವುದನ್ನು ಬಿಟ್ಟು ಮೀಟರಿನ ಪೂರ್ಣಾಂಕ ಮಾಡಿಸಿದೆವು. ಇದು ಬರೀ ಅಚ್ಚುಕಟ್ಟಿನ ಮಾತಲ್ಲ. ನಾವು ಬಳಸಿದ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿನಲ್ಲಿ 2012ರ 9.2 ಆವೃತ್ತಿಯಿಂದ ರೇಂಜ್ ಟೈಪ್‌ಗಳಿವೆ, ಅಂದರೆ ಆರಂಭ, ಅಂತ್ಯ ಎರಡನ್ನೂ ಒಂದೇ ಮೌಲ್ಯವಾಗಿ ಇಡುವ ಕಾಲಂ ಬಗೆಗಳು. ಪೂರ್ಣಾಂಕ ಮತ್ತು ತಾರೀಖಿನ ರೇಂಜ್‌ಗಳನ್ನು ಅದು ತಾನೇ ‘ಆರಂಭ ಒಳಗೆ, ಅಂತ್ಯ ಹೊರಗೆ’ ರೂಪಕ್ಕೆ ತಂದುಕೊಳ್ಳುತ್ತದೆ. 5ರಿಂದ 9ರವರೆಗೆ, ಎರಡೂ ಸೇರಿ ಎಂದು ಕೊಟ್ಟರೆ 5ರಿಂದ 10, 10 ಬಿಟ್ಟು ಎಂದು ಇಟ್ಟುಕೊಳ್ಳುತ್ತದೆ. ದಶಮಾಂಶದ ರೇಂಜಿಗೆ ಈ ಭಾಗ್ಯವಿಲ್ಲ. 1.0ರಿಂದ 2.0, 2.0 ಸೇರಿ ಮತ್ತು 2.0 ಬಿಟ್ಟು ಎಂಬ ಎರಡೂ ಅಲ್ಲಿ ಬೇರೆ ಬೇರೆ ಮೌಲ್ಯಗಳಾಗಿಯೇ ಉಳಿಯುತ್ತವೆ, ಏಕೆಂದರೆ ಎರಡು ದಶಮಾಂಶಗಳ ನಡುವೆ ‘ಮುಂದಿನ ಸಂಖ್ಯೆ’ ಎಂಬುದೇ ಇಲ್ಲ. ಅಳತೆಯ ಅತಿ ಚಿಕ್ಕ ಕಣ ಯಾವುದು ಎಂದು ನಿರ್ಧರಿಸದೆ ವ್ಯಾಪ್ತಿಯ ಬಗ್ಗೆ ಮಾತಾಡುವುದು ಕಷ್ಟ. ಇಲ್ಲಿ ಜಾಗಕ್ಕೆ ಒಂದು ಮೀಟರ್, ಮೂಲ ವೇಗದ ಕಾಲಕ್ಕೆ ಒಂದು ದಿನ, ತಾತ್ಕಾಲಿಕದ ಕಾಲಕ್ಕೆ ಒಂದು ನಿಮಿಷ ಎಂದು ಗೊತ್ತುಮಾಡಿಕೊಂಡೆವು. ತಾರೀಖು, ಗಂಟೆ ಎರಡೂ ಇರುವ ಟೈಮ್‌ಸ್ಟಾಂಪಿನ ರೇಂಜು ತಾನಾಗಿ ಆ ರೂಪಕ್ಕೆ ಬರುವುದಿಲ್ಲವಾದ್ದರಿಂದ, ನಿಮಿಷಕ್ಕೆ ಸರಿಹೊಂದಿಸುವುದನ್ನೂ ಗಡಿಯ ರೂಪವನ್ನೂ ಚೆಕ್ ಕನ್‌ಸ್ಟ್ರೇಂಟಿನಲ್ಲಿ, ಅಂದರೆ ಪ್ರತಿ ಸಾಲೂ ಪಾಲಿಸಬೇಕಾದ ನಿಯಮದಲ್ಲಿ, ಕಟ್ಟಬೇಕಾಯಿತು.

ಹಾಗಂತ ಹಳೆಯ ಪ್ರೋಗ್ರಾಮು ಒಂದರ ಮೇಲೊಂದು ಬರುವುದನ್ನು ಪರೀಕ್ಷಿಸುತ್ತಿರಲಿಲ್ಲ ಎಂದಲ್ಲ. ಒಂದು ಟ್ರಿಗರ್, ಅಂದರೆ ಸಾಲು ಸೇರಿಸಿದಾಗ ತಾನಾಗಿ ಓಡುವ ಪುಟ್ಟ ಪ್ರೋಗ್ರಾಮು, ಇತ್ತು. ಹೊಸ ಸಾಲಿನ ಆರಂಭ ಯಾವುದಾದರೂ ಹಳೆಯ ಸಾಲಿನ ಒಳಗೆ ಬಿದ್ದಿದೆಯೇ, ಅಥವಾ ಹೊಸ ಸಾಲಿನ ಅಂತ್ಯ ಬಿದ್ದಿದೆಯೇ ಎಂದು ಅದು ನೋಡುತ್ತಿತ್ತು. ಓದಲು ಸರಿಯಾಗಿಯೇ ಕಾಣುತ್ತದೆ. ಈಗ 47.500ರಿಂದ 48.200ರವರೆಗೆ ಹಳೆಯ ಸಾಲು ಇದೆ ಎನ್ನಿ. ಹೊಸದು 46.800ರಿಂದ 49.000. ಹೊಸದರ ಆರಂಭ ಹಳೆಯದರ ಒಳಗಿಲ್ಲ, ಅಂತ್ಯವೂ ಒಳಗಿಲ್ಲ. ಟ್ರಿಗರ್ ‘ಸರಿ, ಹೋಗು’ ಎಂದಿತು. ಹಳೆಯದನ್ನು ಹೊಸದು ಪೂರ್ತಿ ನುಂಗಿಕೊಂಡಿದ್ದು ಅದರ ಕಣ್ಣಿಗೆ ಬೀಳಲಿಲ್ಲ.

ಎರಡು ಅವಧಿಗಳು ಪರಸ್ಪರ ಎಷ್ಟು ಬಗೆಯಲ್ಲಿ ಇರಬಹುದು ಎಂಬುದನ್ನು ಕಂಪ್ಯೂಟರ್ ವಿಜ್ಞಾನಿ ಜೇಮ್ಸ್ ಆ್ಯಲನ್ 1983ರಲ್ಲೇ ಪಟ್ಟಿ ಮಾಡಿಟ್ಟಿದ್ದಾರೆ. ಮೊದಲು, ತಾಗಿಕೊಂಡು, ಭಾಗಶಃ ಮೇಲೆ ಬಿದ್ದು, ಒಳಗೆ, ಒಟ್ಟಿಗೆ ಶುರುವಾಗಿ, ಒಟ್ಟಿಗೆ ಮುಗಿದು ಎಂಬ ಆರು, ಇವುಗಳ ತಿರುವುಮುರುವು ಆರು, ಸಮ ಎಂಬುದೊಂದು, ಒಟ್ಟು 13. ಒಂದೊಂದನ್ನೂ ‘ಅಥವಾ’ ಹಾಕಿ ಬರೆಯಲು ಹೊರಟರೆ ಯಾವುದೋ ಒಂದು ಕೈತಪ್ಪುತ್ತದೆ, ಈ ಟ್ರಿಗರ್‌ನಲ್ಲಿ ಆದ ಹಾಗೆ. ತಿರುಗಿಸಿ ಯೋಚಿಸಿದರೆ ಕೆಲಸ ಹಗುರ. ಎರಡು ವ್ಯಾಪ್ತಿಗಳು ಬೇರೆ ಬೇರೆ ಇರಬೇಕಾದರೆ ಒಂದು ಇನ್ನೊಂದು ಶುರುವಾಗುವುದರೊಳಗೆ ಮುಗಿದಿರಬೇಕು. ಅದನ್ನು ಅಲ್ಲಗಳೆದರೆ: ಇದರ ಆರಂಭ ಅದರ ಅಂತ್ಯಕ್ಕಿಂತ ಮುಂಚೆ, ಮತ್ತು ಅದರ ಆರಂಭ ಇದರ ಅಂತ್ಯಕ್ಕಿಂತ ಮುಂಚೆ. ಎರಡೇ ಹೋಲಿಕೆ, ನಡುವೆ ಒಂದು ‘ಮತ್ತು’.

ಆದರೆ ಟ್ರಿಗರ್‌ನ ತರ್ಕವನ್ನು ತಿದ್ದಿದ ಮಾತ್ರಕ್ಕೆ ಸಮಸ್ಯೆ ಹೋಗುತ್ತಿರಲಿಲ್ಲ. ಇಬ್ಬರು ನೌಕರರು ಏಕಕಾಲಕ್ಕೆ, ತುದಿಯಲ್ಲಿ ಒಂದರ ಮೇಲೊಂದು ಬೀಳುವ ಪಕ್ಕಪಕ್ಕದ ತುಂಡುಗಳನ್ನು ತುಂಬುತ್ತಿದ್ದಾರೆ ಎಂದುಕೊಳ್ಳಿ. ಒಬ್ಬರ ಟ್ರಾನ್ಸಾಕ್ಷನ್ ಕಮಿಟ್ ಆಗುವ, ಅಂದರೆ ಅವರ ಬದಲಾವಣೆ ಕಾಯಂ ಆಗಿ ಉಳಿಯುವ ಮುನ್ನವೇ ಇನ್ನೊಬ್ಬರ ಟ್ರಿಗರ್ ಟೇಬಲನ್ನು ನೋಡುತ್ತದೆ. ಕಮಿಟ್ ಆಗದ ಸಾಲು ಅದಕ್ಕೆ ಕಾಣುವುದಿಲ್ಲ. ಇಬ್ಬರಿಗೂ ‘ಜಾಗ ಖಾಲಿ’ ಎಂಬ ಉತ್ತರ ಬರುತ್ತದೆ, ಇಬ್ಬರದೂ ಒಳಗೆ ಹೋಗುತ್ತದೆ. ಅಂದರೆ ಲಾಗ್ ಹಿಡಿದು ನೋಡಿದರೂ ತಪ್ಪು ಮಾಡಿದವರು ಯಾರೂ ಇಲ್ಲ. ಇದನ್ನು ತಡೆಯಬೇಕಾದರೆ ಟೇಬಲ್ಲನ್ನೇ ಲಾಕ್ ಮಾಡಬೇಕು, ಇಲ್ಲವೇ ಟ್ರಾನ್ಸಾಕ್ಷನ್‌ಗಳು ಒಂದಾದ ಮೇಲೊಂದು ಓಡಿದಂತೆಯೇ ಫಲ ಕೊಡುವ ಸೀರಿಯಲೈಸಬಲ್ ಮಟ್ಟಕ್ಕೆ ಹೋಗಬೇಕು, ಇಲ್ಲವೇ ಆ ನಿಯಮವನ್ನು ಡೇಟಾಬೇಸೇ ಇಂಡೆಕ್ಸಿನ, ಅಂದರೆ ಸಾಲುಗಳನ್ನು ಬೇಗ ಹುಡುಕುವ ಸೂಚಿಯ, ಮಟ್ಟದಲ್ಲಿ ಕಾಯಬೇಕು.

ನಾವು ಆರಿಸಿದ್ದು ಮೂರನೆಯದನ್ನು. ಪೋಸ್ಟ್‌ಗ್ರೆಸ್‌ನ ಎಕ್ಸ್‌ಕ್ಲೂಷನ್ ಕನ್‌ಸ್ಟ್ರೇಂಟ್ 2010ರ 9.0ರಲ್ಲಿ ಬಂದದ್ದು. ಅದಕ್ಕೆ ಹೇಳಿದ್ದು ಇಷ್ಟೇ: ಲೈನು ಒಂದೇ ಆಗಿದ್ದು, ಮೀಟರಿನ ರೇಂಜು ಒಂದರ ಮೇಲೊಂದು ಬಿದ್ದು, ತಾರೀಖಿನ ರೇಂಜೂ ಒಂದರ ಮೇಲೊಂದು ಬೀಳುವ ಎರಡು ಸಾಲುಗಳು ಇರಕೂಡದು. ಮೂರೂ ಒಟ್ಟಿಗೆ ನಿಜವಾದರೆ ಮಾತ್ರ ತಿರಸ್ಕಾರ. ಅದೇ ಜಾಗಕ್ಕೆ ಮುಂದಿನ ವರ್ಷದಿಂದ ಬೇರೆ ವೇಗ ಎಂದರೆ ಅಡ್ಡಿಯಿಲ್ಲ. ಲೈನಿನ ಸಂಖ್ಯೆಯಂಥ ಸಾದಾ ಮೌಲ್ಯವೂ, ವ್ಯಾಪ್ತಿಗಳನ್ನು ಹುಡುಕಲು ಬರುವ ಜಿಸ್ಟ್ ಎಂಬ ಇಂಡೆಕ್ಸಿನೊಳಗೆ ಕೂರಬೇಕಾದ್ದರಿಂದ ಬಿಟ್ರೀ-ಜಿಸ್ಟ್ ಎಂಬ ಎಕ್ಸ್‌ಟೆನ್ಷನ್ ಹಾಕಿಕೊಳ್ಳಬೇಕು.

ಮಾನದಂಡದಲ್ಲೇ ಇರುವ, ಮೇಲೆ ಬೀಳದಂತೆ ಕಾಯುವ ‘ವಿದೌಟ್ ಓವರ್‌ಲ್ಯಾಪ್ಸ್’ ಏಕೆ ಬಳಸಲಿಲ್ಲ ಎಂದು ಕೇಳಬಹುದು. ಎಸ್‌ಕ್ಯೂಎಲ್ 2011ರಲ್ಲಿ ಪೀರಿಯಡ್ ಎಂಬುದು ಕಾಲಕ್ಕೆ ಮಾತ್ರ, ತಾರೀಖು ಅಥವಾ ಟೈಮ್‌ಸ್ಟಾಂಪ್ ಕಾಲಂಗಳ ಜೋಡಿಯ ಮೇಲೆ. ಜಾಗದ ವ್ಯಾಪ್ತಿಗೆ ಅದರಲ್ಲಿ ಸ್ಥಾನವಿಲ್ಲ. ಬಳಕೆದಾರರ ಕಾಲದ ಪೀರಿಯಡ್ ಒಂದು ಟೇಬಲಿಗೆ ಒಂದೇ. ಪೋಸ್ಟ್‌ಗ್ರೆಸ್ 18 ಈ ಕೀಲಿಪದವನ್ನು ರೇಂಜ್‌ಗಳ ಮೇಲೆ ತಂದಿದೆ, ಆದರೆ ಅಲ್ಲೂ ಕೀಯ ಕೊನೆಯ ಕಾಲಂ ಒಂದಕ್ಕೇ ಅದು ಅನ್ವಯಿಸುತ್ತದೆ, ಉಳಿದವು ಸಮವಾಗಿರಬೇಕು. ನಮ್ಮಲ್ಲಿ ಜಾಗವೂ ವ್ಯಾಪ್ತಿ, ಕಾಲವೂ ವ್ಯಾಪ್ತಿ. ಪ್ರತಿ ಸಾಲೂ ಒಂದು ಆಯತ. ಆಯತಗಳು ಒಂದರ ಮೇಲೊಂದು ಬೀಳಬಾರದು ಎನ್ನಲು ಎಕ್ಸ್‌ಕ್ಲೂಷನ್ ಕನ್‌ಸ್ಟ್ರೇಂಟೇ ಬೇಕಾಯಿತು.

ಪರೀಕ್ಷೆ ಮಾಡುವಾಗ ಒಂದು ತಮಾಷೆ. ಆರಂಭ, ಅಂತ್ಯ ಎರಡೂ 47,600 ಎಂದು ಕೊಟ್ಟ ಸಾಲು ಸದ್ದಿಲ್ಲದೆ ಒಳಗೆ ಹೋಯಿತು. ಎಷ್ಟು ಬಾರಿ ಹಾಕಿದರೂ ಹೋಯಿತು. ಅಂತ್ಯ ಹೊರಗಿರುವ ರೂಪದಲ್ಲಿ ಅದು ಖಾಲಿ ರೇಂಜು, ಖಾಲಿ ರೇಂಜು ಯಾವುದರ ಮೇಲೂ ಬೀಳುವುದಿಲ್ಲ, ಹಾಗಾಗಿ ಕನ್‌ಸ್ಟ್ರೇಂಟಿಗೆ ಅದರ ಮೇಲೆ ಯಾವ ಆಕ್ಷೇಪವೂ ಇಲ್ಲ. ಗಣಿತ ಸರಿ, ಡೇಟಾ ಕಸ. ‘ಖಾಲಿ ಇರಕೂಡದು’ ಎಂಬ ಚೆಕ್ ಬೇರೆಯಾಗಿಯೇ ಹಾಕಬೇಕು. ತಲೆಕೆಳಗಾದ ಸಾಲುಗಳದ್ದು ಇದಕ್ಕಿಂತ ಸುಲಭ. ಕಿಲೋಮೀಟರು ಇಳಿಯುವ ದಿಕ್ಕಿನಲ್ಲಿ ಓಡುವ ಲೈನಿಗೆ ಕೆಲವರು 48.2ರಿಂದ 47.6 ಎಂದು ಬರೆಯುತ್ತಿದ್ದರು, ಚಾಲಕನ ದೃಷ್ಟಿಯಲ್ಲಿ ಅದೇ ಸರಿ. ಹಳೆಯ ಟೇಬಲ್ ಅದನ್ನು ಸ್ವೀಕರಿಸಿ ಆಮೇಲೆ ಯಾವ ಕ್ವೆರಿಯಲ್ಲೂ (ಡೇಟಾಬೇಸಿಗೆ ಕೇಳುವ ಪ್ರಶ್ನೆಯಲ್ಲೂ) ತೋರಿಸುತ್ತಿರಲಿಲ್ಲ. ರೇಂಜ್ ಟೈಪ್ ಅಂಥದ್ದನ್ನು ಬಾಗಿಲಲ್ಲೇ ತಡೆಯುತ್ತದೆ. ದಿಕ್ಕನ್ನು ಬೇರೆ ಕಾಲಮ್ಮಿಗೆ ಹಾಕಿದೆವು, ತೋರಿಸುವಾಗ ತಿರುಗಿಸಿದರಾಯಿತು.

ಮೇಲೆ ಬೀಳುವುದನ್ನು ತಡೆಯುವುದಕ್ಕಿಂತ ನಡುವೆ ಬಿಟ್ಟುಹೋಗುವುದನ್ನು ತಡೆಯುವುದು ಕಷ್ಟ. ಮೂಲ ವೇಗ ಮಾರ್ಗದ ಪ್ರತಿ ಮೀಟರಿಗೂ ಇರಲೇಬೇಕು. ಆದರೆ ಕನ್‌ಸ್ಟ್ರೇಂಟ್‌ಗಳು ಇರುವ ಸಾಲುಗಳನ್ನು ನೋಡುತ್ತವೆ, ಇಲ್ಲದ ಸಾಲನ್ನು ಹೇಗೆ ನೋಡುವುದು? ಒಂದು ದಾರಿ, ಅಂತ್ಯವನ್ನು ಇಟ್ಟುಕೊಳ್ಳದೇ ಇರುವುದು. ಪ್ರತಿ ತುಂಡಿನ ಆರಂಭ ಮಾತ್ರ ಬರೆದರೆ, ಮುಂದಿನ ತುಂಡಿನ ಆರಂಭವೇ ಇದರ ಅಂತ್ಯ. ಆಗ ಮಧ್ಯೆ ಬಿಡಲೂ ಸಾಧ್ಯವಿಲ್ಲ, ಮೇಲೆ ಬೀಳಿಸಲೂ ಸಾಧ್ಯವಿಲ್ಲ. ಒಂದೇ ಆಯಾಮವಿದ್ದರೆ ನಾನು ಕಣ್ಣು ಮುಚ್ಚಿ ಇದನ್ನೇ ಆರಿಸುತ್ತೇನೆ. ಕಾಲವೂ ಸೇರಿದಾಗ ಇದು ಕೆಡುತ್ತದೆ: ‘ಮುಂದಿನ ತುಂಡು’ ಯಾವುದು ಎಂಬುದು ಯಾವ ದಿನ ಕೇಳುತ್ತೀರಿ ಎಂಬುದರ ಮೇಲೆ ನಿಲ್ಲುತ್ತದೆ.

ಆದ್ದರಿಂದ ಎರಡನೇ ದಾರಿ. ಒಂದು ಲೈನಿನ, ಒಂದು ದಿನದ ಎಲ್ಲ ರೇಂಜ್‌ಗಳನ್ನೂ ಒಟ್ಟುಗೂಡಿಸಿ ಮಾರ್ಗದ ಪೂರ್ಣ ವ್ಯಾಪ್ತಿಯಿಂದ ಕಳೆಯುವುದು. ಉಳಿದದ್ದು ಖಾಲಿಯಾಗಿರಬೇಕು. ಪೋಸ್ಟ್‌ಗ್ರೆಸ್ 14ರಲ್ಲಿ, ಹಲವು ರೇಂಜ್‌ಗಳನ್ನು ಒಂದೇ ಮೌಲ್ಯವಾಗಿ ಹಿಡಿಯುವ ಮಲ್ಟಿರೇಂಜ್ ಬಂದ ಮೇಲೆ ಇದು ಒಂದೇ ಸಾಲಿನ ಕ್ವೆರಿ, ಖಾಲಿ ಉಳಿಯದಿದ್ದರೆ ಯಾವ ಮೀಟರಿನಿಂದ ಯಾವ ಮೀಟರಿಗೆ ಬಿಟ್ಟುಹೋಗಿದೆ ಎಂಬುದೂ ಉತ್ತರದಲ್ಲೇ ಸಿಗುತ್ತದೆ. ಎಲ್ಲ ದಿನಗಳನ್ನೂ ಪರೀಕ್ಷಿಸಬೇಕಿಲ್ಲ, ಯಾವುದಾದರೂ ಸಾಲು ಶುರುವಾಗುವ ಅಥವಾ ಮುಗಿಯುವ ದಿನಗಳು ಸಾಕು, ನಡುವೆ ಏನೂ ಬದಲಾಗುವುದಿಲ್ಲ. ಈ ಪರೀಕ್ಷೆಯನ್ನು ಕಮಿಟ್ ಹೊತ್ತಿಗೆ ಓಡುವ ಮುಂದೂಡಿದ ಟ್ರಿಗರ್‌ನಲ್ಲಿ ಇಟ್ಟು, ಮೊದಲೇ ಹೇಳಿದ ಏಕಕಾಲದ ತೊಡಕಿಗಾಗಿ ಅದರೊಳಗೆ ಆ ಲೈನಿನ ಸಾಲನ್ನು ಲಾಕ್ ಮಾಡಿಸಿದೆವು. ಮುಂದೂಡಲೇಬೇಕು: ಒಂದು ತುಂಡನ್ನು ಎರಡಾಗಿ ಸೀಳುವ ಕೆಲಸದ ನಡುವೆ, ಹಳೆಯದನ್ನು ಅಳಿಸಿ ಹೊಸವನ್ನು ಸೇರಿಸುವ ಮೊದಲಿನ ಕ್ಷಣದಲ್ಲಿ, ಖಾಲಿ ಜಾಗ ಇದ್ದೇ ಇರುತ್ತದೆ.

ಸೀಳುವ ಕೆಲಸವೇ ಒಂದು ಅಧ್ಯಾಯ. ಕಾಲ ಒಂದೇ ಇದ್ದರೆ, ದೊಡ್ಡ ಅವಧಿಯ ನಡುವಿನ ಭಾಗವನ್ನು ತಿದ್ದಿದಾಗ ಒಂದು ಸಾಲು ಮೂರಾಗುತ್ತದೆ. ಮಾನದಂಡದ ‘ಫಾರ್ ಪೋರ್ಷನ್ ಆಫ್’ ಇದನ್ನು ತಾನೇ ಮಾಡುತ್ತದೆ, ಮಾರಿಯಾಡಿಬಿ ಮತ್ತು ಡಿಬಿ2 ಎಂಬ ಡೇಟಾಬೇಸುಗಳಲ್ಲಿ ಅದು ಇದೆ. ಆಯತದ ನಡುವಿನಿಂದ ಆಯತವೊಂದನ್ನು ತೆಗೆದರೆ ಸುತ್ತ ನಾಲ್ಕು ತುಂಡು ಉಳಿಯುತ್ತವೆ, ತಿದ್ದಿದ್ದು ಸೇರಿ ಐದು. ಆ ನಾಲ್ಕನ್ನು ಹೇಗೆ ಕತ್ತರಿಸುವುದು ಎಂಬುದಕ್ಕೆ ಒಂದೇ ಉತ್ತರವಿಲ್ಲ. ಕಾಲವನ್ನು ಮೊದಲು ಕತ್ತರಿಸುವುದು ಎಂದು ನಿಯಮ ಮಾಡಿ ಒಂದು ಫಂಕ್ಷನ್ನಿನಲ್ಲಿ ಮುಚ್ಚಿಟ್ಟೆವು. ಆ ಟೇಬಲಿಗೆ ನೇರವಾಗಿ ಅಪ್‌ಡೇಟ್ ಮಾಡುವ ಹಕ್ಕನ್ನು ಎಲ್ಲರಿಂದಲೂ ಹಿಂತೆಗೆದೆವು.

ತಾತ್ಕಾಲಿಕ ಟೇಬಲಿಗೆ ಬಂದರೆ ಚಿತ್ರ ತಲೆಕೆಳಗು. ಅಲ್ಲಿ ಒಂದರ ಮೇಲೊಂದು ಬರುವುದು ತಪ್ಪೇ ಅಲ್ಲ. ಸೇತುವೆಯವರದೊಂದು ಮಿತಿ, ಹಳಿಯವರದೊಂದು ಮಿತಿ, ಎರಡೂ ಒಂದೇ ಜಾಗದ ಮೇಲೆ ಒಂದೇ ವಾರ ಇರಬಹುದು, ಎರಡೂ ಪ್ರತ್ಯೇಕ ಆದೇಶಗಳು, ಪ್ರತ್ಯೇಕವಾಗಿಯೇ ತೆರವಾಗಬೇಕು. ಯಾವುದು ಕಡಿಮೆಯೋ ಅದು ನಡೆಯುತ್ತದೆ. ಉತ್ಸಾಹದಲ್ಲಿ ಇಲ್ಲಿಯೂ ಎಕ್ಸ್‌ಕ್ಲೂಷನ್ ಕನ್‌ಸ್ಟ್ರೇಂಟ್ ಹಾಕಬೇಕೆಂದು ತಂಡದಲ್ಲಿ ಒಂದು ಒತ್ತಾಯವಿತ್ತು. ಹಾಕಿದ್ದರೆ ನೌಕರರು ಎರಡನೇ ಮಿತಿಯನ್ನು ಮೊದಲನೆಯದರ ಸುತ್ತ ಕತ್ತರಿಸಿ ತುಂಬುತ್ತಿದ್ದರು, ಮೊದಲನೆಯದು ತೆರವಾದ ದಿನ ಆ ಖಾಲಿ ತುಂಡಿನಲ್ಲಿ ರೈಲು ಪೂರ್ಣ ವೇಗದಲ್ಲಿ ಹೋಗುತ್ತಿತ್ತು. ಎರಡು ಟೇಬಲ್‌ಗಳ ಕಾಲಂಗಳು ಒಂದೇ ಥರ ಇವೆ ಎಂದ ಮಾತ್ರಕ್ಕೆ ನಿಯಮವೂ ಒಂದೇ ಆಗಬೇಕಿಲ್ಲ.

ವರದಿಯ ತಪ್ಪು ಇಲ್ಲೇ ಇತ್ತು. 46.800ರಿಂದ 48.200ಕ್ಕೆ ಗಂಟೆಗೆ 60 ಕಿ.ಮೀ., 47.500ರಿಂದ 49.000ಕ್ಕೆ 30 ಕಿ.ಮೀ. ಎಂಬ ಎರಡು ಸಾಲುಗಳಿದ್ದರೆ ಹಳೆಯ ವರದಿ 1.4ಕ್ಕೆ 1.5 ಕೂಡಿಸಿ 2.9 ಕಿ.ಮೀ. ಎನ್ನುತ್ತಿತ್ತು. ಹಳಿಯ ಮೇಲೆ ನಡೆದು ನೋಡಿದರೆ 2.2. ಚಾಲಕನ ಹಾಳೆಗೆ ಬೇಕಾದದ್ದು ಇನ್ನೂ ಬೇರೆ: 46.800ರಿಂದ 47.500ರವರೆಗೆ 60, ಅಲ್ಲಿಂದ 49.000ರವರೆಗೆ 30. ಇದನ್ನು ಪಡೆಯುವ ಕ್ರಮ ಹೀಗೆ. ಎಲ್ಲ ಆರಂಭ, ಅಂತ್ಯಗಳನ್ನೂ ಒಂದೇ ಪಟ್ಟಿಗೆ ತಂದು, ನಕಲುಗಳನ್ನು ತೆಗೆದು, ವಿಂಗಡಿಸಿ, ಪಕ್ಕಪಕ್ಕದ ಎರಡೆರಡು ಬಿಂದುಗಳಿಂದ ಚಿಕ್ಕ ತುಂಡು ಮಾಡಬೇಕು. ಇಲ್ಲಿ 46.8–47.5, 47.5–48.2, 48.2–49.0. ಪ್ರತಿ ತುಂಡಿನ ಮೇಲೆ ಬೀಳುವ ಎಲ್ಲ ಮಿತಿಗಳಲ್ಲಿ, ಮೂಲ ವೇಗವೂ ಸೇರಿ, ಕನಿಷ್ಠವನ್ನು ತೆಗೆದುಕೊಳ್ಳಬೇಕು. 60, 30, 30 ಬರುತ್ತದೆ. ಕೊನೆಗೆ ಒಂದೇ ವೇಗದ ಪಕ್ಕದ ತುಂಡುಗಳನ್ನು ಬೆಸೆಯಬೇಕು, ಇಲ್ಲದಿದ್ದರೆ 48.2ರಲ್ಲಿ ಏನೋ ಬದಲಾಗುತ್ತದೆ ಎಂದು ಚಾಲಕ ಸುಮ್ಮನೆ ಕಣ್ಣು ಕಿರಿದು ಮಾಡಬೇಕಾಗುತ್ತದೆ.

ಬಿಡಿಸು, ಲೆಕ್ಕ ಮಾಡು, ಮಡಿಸು. ನಿಕೋಸ್ ಲೊರೆಂಟ್ಜೋಸ್ ಡೇಟಾವನ್ನು ಟೇಬಲ್‌ಗಳಾಗಿ ನೋಡುವ ಸಂಬಂಧಾತ್ಮಕ ಮಾದರಿಗೆ ಸೇರಿಸಲು ಸೂಚಿಸಿದ ಫೋಲ್ಡ್, ಅನ್‌ಫೋಲ್ಡ್ ಎಂಬ ಎರಡು ಕ್ರಿಯೆಗಳ ಹಿಂದಿನ ವಿಚಾರವೂ ಇದೇ. ಆಮೇಲೆ ಕ್ರಿಸ್ ಡೇಟ್ ಮತ್ತು ಹ್ಯೂ ಡಾರ್ವೆನ್ ಅವರ ಜೊತೆ ಮಾಡಿದ ಕೆಲಸದಲ್ಲಿ ಅವು ಪ್ಯಾಕ್, ಅನ್‌ಪ್ಯಾಕ್ ಆದವು. ವ್ಯಾಪ್ತಿಯನ್ನು ಬಿಂದುಗಳ ಸಮೂಹ ಎಂದು ನೋಡಿದರೆ, ಬಿಂದುಗಳ ಮೇಲೆ ಗೊತ್ತಿರುವ ಸಾದಾ ಕ್ರಿಯೆಗಳೇ ಸಾಕಾಗುತ್ತವೆ. ನಿಜವಾಗಿ ಒಂದೊಂದು ಮೀಟರಿಗೆ ಒಂದೊಂದು ಸಾಲು ಮಾಡಬೇಕಿಲ್ಲ. ಮೇಲಿನಂತೆ ಗಡಿಗಳಲ್ಲಿ ಮಾತ್ರ ಕತ್ತರಿಸಿದರೆ ಅದೇ ಉತ್ತರ ಬರುತ್ತದೆ.

ಬೆಸೆಯುವ ಹಂತದಲ್ಲಿ ಎಲ್ಲರೂ ಎಡವುವ ಒಂದು ಕಲ್ಲಿದೆ. ಆರಂಭದ ಪ್ರಕಾರ ವಿಂಗಡಿಸಿ, ಹಿಂದಿನ ಸಾಲಿನ ಮೌಲ್ಯ ತರುವ ಲ್ಯಾಗ್ ಬಳಸಿ, ಹಿಂದಿನ ಸಾಲಿನ ಅಂತ್ಯ ಈ ಸಾಲಿನ ಆರಂಭಕ್ಕಿಂತ ಹಿಂದಿದ್ದರೆ ಹೊಸ ಗುಂಪು ಎಂದು ಬರೆಯುತ್ತಾರೆ. 10–20, 12–13, 15–16 ಎಂಬ ಮೂರು ಸಾಲು ಕೊಟ್ಟು ನೋಡಿ. ಮೂರನೆಯದರ ಹಿಂದಿನ ಸಾಲು 13ಕ್ಕೆ ಮುಗಿದಿದೆ, ಹಾಗಾಗಿ 15ರಲ್ಲಿ ಹೊಸ ಗುಂಪು ಎನ್ನುತ್ತದೆ ಕ್ವೆರಿ. ಮೊದಲನೆಯದು 20ರವರೆಗೆ ಎಲ್ಲವನ್ನೂ ಆವರಿಸಿ ಕೂತಿರುವುದು ಮರೆತೇಹೋಯಿತು. ಹಿಂದಿನ ಸಾಲಿನ ಅಂತ್ಯವಲ್ಲ, ಹಿಂದಿನ ಎಲ್ಲ ಸಾಲುಗಳ ಅಂತ್ಯಗಳಲ್ಲಿ ಗರಿಷ್ಠವನ್ನು, ಅಕ್ಕಪಕ್ಕದ ಸಾಲುಗಳ ಮೇಲೆ ಲೆಕ್ಕ ಮಾಡುವ ವಿಂಡೋ ಫಂಕ್ಷನ್‌ನಿಂದ ತರಬೇಕು. ತಿಂಗಳ ವರದಿಯನ್ನು ಈ ಹಿಂದೆ ‘ಸರಿಪಡಿಸಲು’ ಹೊರಟವರು ಇಲ್ಲಿಯೇ ಸಿಕ್ಕಿಹಾಕಿಕೊಂಡಿದ್ದರು.

ಕಾಲವನ್ನೂ ಸೇರಿಸಿ ಬೆಸೆದಾಗ ಇನ್ನೊಂದು ವಿಚಿತ್ರ. 10–14 ಕಿ.ಮೀ. ತುಂಡಿಗೆ 1ನೇ ತಾರೀಖಿನಿಂದ 3ರವರೆಗೆ, 10–12 ತುಂಡಿಗೆ ಮಾತ್ರ ಮುಂದೆ 5ರವರೆಗೆ ಒಂದೇ ಮಿತಿ ಇದೆ ಎನ್ನಿ, ಅಂತ್ಯಗಳು ಹೊರಗೆ. ಜಾಗವನ್ನು ಮೊದಲು ಬೆಸೆದರೆ ಸಾಲುಗಳು ಹೇಳಿದ ಹಾಗೇ ಇರುತ್ತವೆ. ಕಾಲವನ್ನು ಮೊದಲು ಬೆಸೆದರೆ 10–12 ಪೂರ್ತಿ 1ರಿಂದ 5, 12–14 ಮಾತ್ರ 1ರಿಂದ 3. ಎರಡೂ ಸರಿ, ಕಿಲೋಮೀಟರ್-ದಿನಗಳ ಮೊತ್ತ ಎರಡರಲ್ಲೂ 12. ಆದರೆ ಸಾಲುಗಳನ್ನು ಹೋಲಿಸಿ ನೋಡುವವರಿಗೆ ಎರಡು ವರದಿಗಳು ತಾಳೆಯಾಗುವುದಿಲ್ಲ. ಚಾಲಕನ ಹಾಳೆಗೆ ಜಾಗ ಮೊದಲು, ದುರಸ್ತಿ ವಿಭಾಗದ ವರದಿಗೆ ಕಾಲ ಮೊದಲು ಎಂದು ಇಟ್ಟೆವು. ತಾಳೆ ನೋಡುವ ಪರೀಕ್ಷೆಯನ್ನು ಸಾಲುಗಳ ಮೇಲಲ್ಲ, ಮೊತ್ತದ ಮೇಲೆ ಮತ್ತು ಬಿಡಿಸಿದ ತುಂಡುಗಳ ಮೇಲೆ ಬರೆದೆವು.

ಕ್ವೆರಿಗಳ ವೇಗದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಹಳೆಯ ಟೇಬಲಿನಲ್ಲಿ ಆರಂಭ ಮತ್ತು ಅಂತ್ಯ ಸೇರಿದ, ಮೌಲ್ಯಗಳನ್ನು ಕ್ರಮವಾಗಿ ಜೋಡಿಸುವ ಸಾದಾ ಬಿ-ಟ್ರೀ ಇಂಡೆಕ್ಸ್ ಇತ್ತು. ‘ಈಗ ಜಾರಿಯಲ್ಲಿರುವವು’ ಎಂದು ಕೇಳಿದರೆ ಆರಂಭ ಈಗಿಗಿಂತ ಹಿಂದೆ ಎಂಬ ಷರತ್ತಿಗೆ ಹತ್ತು ವರ್ಷದ ಹಳೆಯ ಸಾಲುಗಳೂ ಹೊಂದುತ್ತವೆ, ಇಂಡೆಕ್ಸ್ ಹೆಚ್ಚುಕಡಿಮೆ ಪೂರ್ತಿ ಓದಲ್ಪಡುತ್ತದೆ. ಅಂತ್ಯವನ್ನು ಮೊದಲು ಇಟ್ಟಿದ್ದರೆ ಆ ಒಂದು ಪ್ರಶ್ನೆಗಾದರೂ ಚೆನ್ನಾಗಿರುತ್ತಿತ್ತು. ಎಕ್ಸ್‌ಕ್ಲೂಷನ್ ಕನ್‌ಸ್ಟ್ರೇಂಟ್ ತಾನೇ ಒಂದು ಜಿಸ್ಟ್ ಇಂಡೆಕ್ಸ್ ಕಟ್ಟಿಕೊಳ್ಳುವುದರಿಂದ ಮೂಲ ವೇಗಕ್ಕೆ ಅದೇ ಸಾಕಾಯಿತು. ತಾತ್ಕಾಲಿಕಕ್ಕೆ ಜಾಗ, ಕಾಲ ಸೇರಿಸಿ ಬೇರೆ ಜಿಸ್ಟ್ ಕೊಟ್ಟೆವು. ಇದರ ಬೇರು ಗಟ್‌ಮನ್ 1984ರಲ್ಲಿ ಕೊಟ್ಟ, ಆಯತಗಳನ್ನು ಹುಡುಕುವ ಆರ್-ಟ್ರೀಯಲ್ಲಿದೆ. ರೇಂಜ್ ಟೈಪ್ ಇಲ್ಲದ ಡೇಟಾಬೇಸಿನಲ್ಲಿ ಸಿಕ್ಕಿಕೊಂಡವರು ಕ್ರೀಗೆಲ್, ಪೋಟ್ಕೆ, ಸೈಡ್ಲ್ 2000ದಲ್ಲಿ ವಿವರಿಸಿದ ರಿಲೇಷನಲ್ ಇಂಟರ್‌ವಲ್ ಟ್ರೀಯನ್ನು ನೋಡಬಹುದು. ಪ್ರತಿ ವ್ಯಾಪ್ತಿಗೂ ಕಲ್ಪಿತ ಮರವೊಂದರ ಗಂಟಿನ ಸಂಖ್ಯೆಯನ್ನು ಒಂದು ಹೆಚ್ಚುವರಿ ಕಾಲಮ್ಮಿನಲ್ಲಿ ಇಟ್ಟು, ಎರಡು ಸಾದಾ ಬಿ-ಟ್ರೀಗಳಿಂದಲೇ ಕೆಲಸ ಸಾಗಿಸುತ್ತದೆ ಅದು.

ಅಂತ್ಯ ಗೊತ್ತಿಲ್ಲದ ಸಾಲುಗಳು ಬಹಳ ಇದ್ದವು, ‘ಮುಂದಿನ ಆದೇಶದವರೆಗೆ’ ಎಂಬಂಥವು. ಕೆಲವದರಲ್ಲಿ ನಲ್ (ಮೌಲ್ಯವಿಲ್ಲ ಎಂಬ ಗುರುತು), ಕೆಲವದರಲ್ಲಿ 9999-12-31. ನಲ್ ಇದ್ದ ಸಾಲು ಹೋಲಿಕೆಯಲ್ಲಿ ಮಾಯವಾಗುತ್ತಿತ್ತು, ಅಂದರೆ ಯಾವ ಮಿತಿ ಎಂದು ಮುಗಿಯುತ್ತದೆಂದು ಯಾರಿಗೂ ಗೊತ್ತಿಲ್ಲವೋ ಅದೇ ಹಾಳೆಯಿಂದ ಬಿಟ್ಟುಹೋಗುತ್ತಿತ್ತು. ಈ ಇಡೀ ಪ್ರಕರಣದಲ್ಲಿ ನನಗೆ ಅತಿ ಹೆಚ್ಚು ಭಯ ಹುಟ್ಟಿಸಿದ ಸಂಗತಿ ಇದು. ಎಲ್ಲವನ್ನೂ ಮೇಲ್ಗಡಿ ಇಲ್ಲದ ರೇಂಜ್ ಮಾಡಿದೆವು. ಪೋಸ್ಟ್‌ಗ್ರೆಸ್‌ನಲ್ಲಿ ಮೇಲ್ಗಡಿ ಇಲ್ಲದಿರುವುದೂ ‘ಇನ್ಫಿನಿಟಿ’ ಎಂಬ ಮೌಲ್ಯ ಮೇಲ್ಗಡಿಯಾಗಿರುವುದೂ ಬೇರೆ ಬೇರೆ, ಎರಡನ್ನೂ ಬೆರೆಸಕೂಡದು. ಎರಡನೆಯದನ್ನು ಚೆಕ್ ಹಾಕಿ ನಿಷೇಧಿಸಿದೆವು.

ಕೆಲಸ ಮುಗಿಯುವ ಹೊತ್ತಿಗೆ ಹೊಸ ಪ್ರಶ್ನೆ ಬಂತು. ಒಂದು ದಿನ ಬೆಳಗಿನ 6 ಗಂಟೆಯ ಹಾಳೆಯಲ್ಲಿ ಆ ಚಾಲಕನಿಗೆ ಏನೆಂದು ಕೊಟ್ಟಿದ್ದಿರಿ? ಹಳಿಯ ಮೇಲೆ ಏನಿತ್ತು ಎಂಬ ಪ್ರಶ್ನೆ ಬೇರೆ, ಡೇಟಾಬೇಸ್ ಆಗ ಏನೆಂದು ನಂಬಿತ್ತು ಎಂಬುದು ಬೇರೆ. ಕೆಲಸ 14 ಗಂಟೆಗೆ ಮುಗಿದು ಮಿತಿ ತೆರವಾಗಿರಬಹುದು, ಅದನ್ನು ತುಂಬಿದ್ದು 16.30ಕ್ಕೆ. ನಡುವೆ ಅಚ್ಚಾದ ಹಾಳೆಗಳಲ್ಲಿ ಮಿತಿ ಇನ್ನೂ ಇದ್ದೇ ಇರುತ್ತದೆ. ಮೊದಲನೆಯದು ಅನ್ವಯದ ಕಾಲ, ಎರಡನೆಯದು ದಾಖಲಾದ ಕಾಲ. ಎಸ್‌ಕ್ಯೂಎಲ್ 2011 ಎರಡನ್ನೂ ಬೇರ್ಪಡಿಸಿ ಕೊಡುತ್ತದೆ. ಎಸ್‌ಕ್ಯೂಎಲ್ ಸರ್ವರ್ 2016ರಿಂದ, ಮಾರಿಯಾಡಿಬಿ 10.3ರಿಂದ ದಾಖಲಾದ ಕಾಲವನ್ನು ತಾವೇ ನೋಡಿಕೊಳ್ಳುತ್ತವೆ. ಪೋಸ್ಟ್‌ಗ್ರೆಸ್‌ನಲ್ಲಿ ಅದು ಒಳಗಡೆಯೇ ಇಲ್ಲದ್ದರಿಂದ, ಪ್ರತಿ ಬದಲಾವಣೆಗೂ ಹಳೆಯ ಸಾಲನ್ನು ದಾಖಲಾದ ಅವಧಿಯೊಂದಿಗೆ ಇತಿಹಾಸದ ಟೇಬಲಿಗೆ ಸಾಗಿಸುವ ಟ್ರಿಗರ್ ಬರೆದೆವು. ಆ ಟೇಬಲಿನಲ್ಲಿ ಅಳಿಸುವ ಹಕ್ಕು ಯಾರಿಗೂ ಇಲ್ಲ. ಹೀಗೆ ಒಂದೊಂದು ಸಾಲೂ ಈಗ ಮೂರು ವ್ಯಾಪ್ತಿಗಳ ಪೆಟ್ಟಿಗೆ.

ಜಾಗದ ಅಳತೆ ನೇರವಾಗಿರುತ್ತದೆ ಎಂದು ನಂಬಿದವರಿಗೆ ಕಿಲೋಮೀಟರ್ ಕಲ್ಲುಗಳು ಪಾಠ ಕಲಿಸುತ್ತವೆ. ಮಾರ್ಗದ ಒಂದು ತಿರುವನ್ನು ಹಿಂದೆಂದೋ ನೇರ ಮಾಡಿದ್ದರು. ಉದ್ದ ಕಡಿಮೆಯಾಯಿತು, ಆದರೆ ಮುಂದಿನ ಕಲ್ಲುಗಳನ್ನೆಲ್ಲ ಕಿತ್ತು ಮರುಸಂಖ್ಯೆ ಹಾಕುವುದು ಯಾರಿಗೂ ಬೇಡವಾಗಿತ್ತು. ಹಾಗಾಗಿ ಒಂದು ಕಡೆ ಕಿಲೋಮೀಟರು ಪೂರ್ತಿ ಸಾವಿರ ಮೀಟರ್ ಇಲ್ಲ. ಇನ್ನೊಂದು ಕಡೆ ಲೈನು ಸುತ್ತಿಬಳಸಿ ಕಿಲೋಮೀಟರು ಸಾವಿರವನ್ನು ದಾಟುತ್ತದೆ. ಬೇಸಿಗೆ ಸಮಯಕ್ಕೆ ಗಡಿಯಾರ ತಿರುಗಿಸುವ ದೇಶಗಳಲ್ಲಿ ಒಂದು ಗಂಟೆ ಕಳೆದುಹೋಗುವುದು, ಇನ್ನೊಮ್ಮೆ ಎರಡು ಸಲ ಬರುವುದು ಇದೆಯಲ್ಲ, ಹಳಿಯ ಮೇಲಿನ ಅದೇ ತೊಡಕು ಇದು. ಪರಿಹಾರವೂ ಒಂದೇ. ಕಾಲವನ್ನು ಹೇಗೆ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿ ಇಟ್ಟು ತೋರಿಸುವಾಗ ಮಾತ್ರ ಸ್ಥಳೀಯ ಗಡಿಯಾರಕ್ಕೆ ತಿರುಗಿಸುತ್ತೇವೋ, ಹಾಗೆಯೇ ಜಾಗವನ್ನು ಮಾರ್ಗದ ತುದಿಯಿಂದ ಎಡೆಬಿಡದ ಮೀಟರಿನಲ್ಲಿ ಇಟ್ಟು, ಕಲ್ಲಿನ ಸಂಖ್ಯೆಗೆ ಬದಲಿಸುವ ಟೇಬಲ್ಲೊಂದನ್ನು ಬೇರೆ ಮಾಡಿದೆವು. ಆ ಟೇಬಲಿಗೂ ಕಾಲದ ವ್ಯಾಪ್ತಿ ಬೇಕು, ಏಕೆಂದರೆ ತಿರುವನ್ನು ನೇರ ಮಾಡುವ ಮುಂಚಿನ ಆದೇಶಗಳು ಹಳೆಯ ಅಳತೆಯಲ್ಲಿವೆ.

ಹಳೆಯ ಸಾಲುಗಳನ್ನು ಹೊಸ ಟೇಬಲಿಗೆ ಸಾಗಿಸಿದಾಗ ಕೆಲವು ಒಳಗೆ ಹೋಗಲೊಲ್ಲವು. ಅವನ್ನು ಪ್ರೋಗ್ರಾಮಿನಿಂದ ತಿದ್ದಬಾರದು ಎಂದು ನಾನು ಹಟ ಹಿಡಿದೆ. ಒಂದೇ ಮೀಟರಿಗೆ 100 ಮತ್ತು 110 ಎರಡೂ ಇದ್ದರೆ ಯಾವುದು ಸರಿ ಎಂಬುದು ಹಳಿಗೆ ಗೊತ್ತು, ಕ್ವೆರಿಗಲ್ಲ. ಅಂಥವೆಲ್ಲ ಪಕ್ಕದ ಟೇಬಲಿಗೆ ಹೋದವು, ಪ್ರತಿಯೊಂದರ ಜೊತೆಗೂ ಅದು ಯಾವ ಸಾಲಿಗೆ ಡಿಕ್ಕಿ ಹೊಡೆಯಿತು ಎಂಬ ವಿವರ. ಎಂಜಿನಿಯರ್ ಸಹಿ ಬರುವವರೆಗೆ ಡಿಕ್ಕಿಯಾದ ಭಾಗಕ್ಕೆ ಎರಡರಲ್ಲಿ ಕಡಿಮೆ ವೇಗ. ಬಿಟ್ಟುಹೋದ ಭಾಗಕ್ಕೆ ಅಕ್ಕಪಕ್ಕದ ಎರಡು ತುಂಡುಗಳಲ್ಲಿ ಕಡಿಮೆಯದು, ಅದೂ ತಾತ್ಕಾಲಿಕ ಮಿತಿಯಾಗಿ, ಮೇಲ್ಗಡಿ ಇಲ್ಲದೆ. ತುಂಬುವ ಪರದೆಯಲ್ಲಿ ತಾರೀಖನ್ನು ಜನ ಈಗಲೂ 5ರಿಂದ 9 ಎಂದೇ ಬರೆಯುತ್ತಾರೆ, 10 ಎಂದು ಬದಲಾಗುವುದು ಪರದೆಯ ಹಿಂದೆ.